ಮೋಟಾರು ಕಾರಖಾನೆಯ ಯಜಮಾನಿಕೆ

ದಕ್ಷಿಣ ಕೊರಿಯಾದ ಹ್ಯುಂಡೈ ಕಂಪೆನಿಯು ತನ್ನ ಭಾರತೀಯ ಶಾಖೆಯ ಮೇನೇಜಿಂಗ್ ಡೈರೆಕ್ಟರ್ ಪದವಿಗೆ ಶ್ರೀ ತರುಣ್ ಗರ್ಗ್ ಅವರನ್ನು ಆರಿಸಿರುವುದಾಗಿ 2025ನೆಯ ಇಸವಿಯ ಅಕ್ಟೋಬರಿನಲ್ಲಿ ಪ್ರಕಟಿಸಿತು. ಆ ಶಾಖೆಯು ನಮ್ಮ ದೇಶದಲ್ಲಿ ಸ್ಥಾಪಿತವಾದುದು 1996ರಲ್ಲಿ. ಅಂದಿನಿಂದ ಸುಮಾರು 30 ವರ್ಷಗಳ ಕಾಲ ಇಲ್ಲಿನ ನೆಲ, ಇಲ್ಲಿನ ನೀರು, ಇಲ್ಲಿನ ದುಡಿಮೆಗಾರರು, ಇಲ್ಲಿನ ಕೊಳ್ಳುವವರು ಎಲ್ಲವೂ ಆ ಕಂಪೆನಿಗೆ ಒದಗಿಬಂದರೂ, ಇಲ್ಲಿಯವನೊಬ್ಬನು ಅದರ ಮೇಲ್ಪೀಠಕ್ಕೆ ಒದಗಿರಲಿಲ್ಲ. ಗರ್ಗ್ ಅವರೇ ಮೊದಲಿಗರು. ವಾರ್ತೆಯು ಸಂತೋಷಕರವಾದುದೇ ಸರಿ. ಆದರೆ ಸಂತೋಷಪಟ್ಟು ಪತ್ರಿಕೆಯನ್ನು ಮಡಿಸಿಡುವುದಕ್ಕೆ ಮುಂಚೆ ಒಂದು ಸಂಗತಿಯನ್ನು ವಾಚಕರ ಗಮನಕ್ಕೆ ತರಬಯಸುತ್ತೇವೆ. ಆ ಪೀಠದವರೆಗೆ ಅವರು ನಡೆದುಬಂದ ದಾರಿಯು ಮಾರಾಟದ ದಾರಿ. ಮೊದಲು ಮಾರುತಿಯಲ್ಲಿ, 2019ರ ಕೊನೆಯಿಂದ ಹ್ಯುಂಡೈಯಲ್ಲಿ. ಗಾಡಿಗಳನ್ನು ಮಾರುವುದರಲ್ಲಿ ಭಾರತೀಯರು ಸಮರ್ಥರೆಂಬುದನ್ನು ಪರದೇಶದ ಯಜಮಾನರು ಒಪ್ಪಿಕೊಂಡಿದ್ದಾರೆ. ಗಾಡಿಗಳನ್ನು ಮಾಡುವವರಲ್ಲಿ ಒಬ್ಬನು ಇಂಥ ಕಂಪೆನಿಯ ತಲೆಯ ಸ್ಥಾನಕ್ಕೆ ಏರುವ ದಿನ ಯಾವಾಗ ಬಂದೀತು? ಅದಕ್ಕೆ ದಾರಿ ಇದೆಯೆ? ಈ ಪ್ರಶ್ನೆಯು ಗರ್ಗ್ ಅವರ ಯೋಗ್ಯತೆಯನ್ನು ಕುರಿತದ್ದಲ್ಲ; ಅವರ ಯೋಗ್ಯತೆಯ ವಿಷಯದಲ್ಲಿ ನಮಗೆ ಯಾವ ಸಂದೇಹವೂ ಇಲ್ಲ.

ಮೋಟಾರು ಕಂಪೆನಿಯ ಯಜಮಾನನು ಯಾವ ಕೆಲಸದಿಂದ ಮೇಲೆ ಬಂದನೆಂಬುದು ಕಂಪೆನಿಯ ಒಳಗಿನ ಮಾತು, ಅದರಿಂದ ನಮಗೇನು, ಎಂದು ಕೆಲವರು ಕೇಳಬಹುದು. ನಮಗೆ ಹಾಗೆ ತೋರುವುದಿಲ್ಲ. ಅಮೇರಿಕಾದ ಜನರಲ್ ಮೋಟಾರ್ಸ್ ಕಂಪೆನಿಯ ಚರಿತ್ರೆಯನ್ನು ನೋಡಿದವರಾರೂ ಹಾಗೆ ಕೇಳಲಾರರು. ಆ ಕಂಪೆನಿಯನ್ನು 1923ರಿಂದ ನಡೆಸಿ ಜಗತ್ತಿನಲ್ಲಿಯೇ ದೊಡ್ಡದನ್ನಾಗಿ ಮಾಡಿದ ಆಲ್ಫ್ರೆಡ್ ಸ್ಲೋನ್ ಎಂಬಾತನು ವಿದ್ಯುಚ್ಛಾಸ್ತ್ರವನ್ನು ಓದಿ, ಬೇರಿಂಗು ತಯಾರಿಸುವ ಸಣ್ಣ ಕಾರಖಾನೆಯೊಂದರಲ್ಲಿ ಕೈಪಳಗಿಸಿಕೊಂಡು ಬಂದವನು. ಲೆಕ್ಕವನ್ನೂ ಯಂತ್ರವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಲ್ಲವನಾಗಿದ್ದನು. ಆದರೆ 1958ರಲ್ಲಿ ಫ್ರೆಡರಿಕ್ ಡಾನರ್ ಎಂಬಾತನು ಅಧ್ಯಕ್ಷನಾದ ತರುವಾಯ ಆ ತಕ್ಕಡಿಯ ಮುಳ್ಳು ಒಂದೇ ಕಡೆಗೆ ವಾಲಿತು. ಡಾನರ್, ಗರ್ಸ್ಟನ್‌ಬರ್ಗ್, ಮರ್ಫಿ, ರೋಜರ್ ಸ್ಮಿತ್, ಜ್ಯಾಕ್ ಸ್ಮಿತ್, ರಿಕ್ ವ್ಯಾಗನರ್ ಇವರೆಲ್ಲರೂ ಕಂಪೆನಿಯ ಹಣಕಾಸಿನ ಖಾತೆಯಲ್ಲಿ ಬೆಳೆದವರು. ಮಧ್ಯದಲ್ಲಿ ಬೇರೆ ಖಾತೆಯವರು ಬಂದುದೂ ಉಂಟು. ಆದರೆ ಅರ್ಧ ಶತಮಾನದ ರಾಜಮಾರ್ಗವು ಜಮಾಖರ್ಚಿನ ಕಚೇರಿಯಿಂದಲೇ ಹೊರಟಿತ್ತೆಂದು ಹೇಳಬೇಕು. ಡೆಟ್ರಾಯಿಟಿನಲ್ಲಿ ಗಾಡಿಯನ್ನು ಕಟ್ಟುತ್ತಿದ್ದವನಿಗಿಂತ ನ್ಯೂಯಾರ್ಕಿನಲ್ಲಿ ಅದರ ಲೆಕ್ಕವನ್ನು ಕಟ್ಟುತ್ತಿದ್ದವನಿಗೆ ಪೀಠವು ಹತ್ತಿರವಾಗಿತ್ತು.

ಇದರ ಫಲವು ಒಂದೇ ದಿನ ಕಾಣಿಸಲಿಲ್ಲ. ಲೆಕ್ಕದವರು ಅಯೋಗ್ಯರೆಂದೂ ನಾವು ಹೇಳುತ್ತಿಲ್ಲ. 1990ರಲ್ಲಿ ಬಹು ಕಾಲದ ಮೇಲೆ ಇಂಜಿನಿಯರನೊಬ್ಬನು, ರಾಬರ್ಟ್ ಸ್ಟೆಂಪೆಲ್, ಅಧ್ಯಕ್ಷನಾದಾಗ ಕಂಪೆನಿಯ ನಷ್ಟವು ಮಿತಿಮೀರಿ, ಆಡಳಿತ ಮಂಡಳಿಯ ಒತ್ತಾಯದಿಂದ ಅವನು 1992ರಲ್ಲಿ ಪದವಿಯನ್ನು ಬಿಡಬೇಕಾಯಿತು. ಅಷ್ಟರಲ್ಲಿ ರೋಗವು ಎಲುಬಿಗೆ ಇಳಿದಿದ್ದಿತು. 2009ರ ಮಾರ್ಚಿನಲ್ಲಿ ಅಮೇರಿಕಾದ ಸರ್ಕಾರವೇ ವ್ಯಾಗನರನನ್ನು ಇಳಿಯಹೇಳಿತು; ಜೂನ್ 1ರಂದು ಕಂಪೆನಿಯು ದಿವಾಳಿಯ ಅರ್ಜಿಯನ್ನು ಹಾಕಿತು; ಸುಮಾರು 5,000 ಕೋಟಿ ಡಾಲರುಗಳ ಸಾರ್ವಜನಿಕ ದ್ರವ್ಯವು ಅದರ ಉದ್ಧಾರಕ್ಕೆ ಸುರಿಯಲ್ಪಟ್ಟಿತು. ಕಂಪೆನಿಯ ಒಳಗಿನ ಮಾತು ಎಂಬುದು ಪ್ರಜೆಗಳ ಜೇಬಿನ ಮಾತಾಗುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಫೋರ್ಡ್ ಕಂಪೆನಿಯಲ್ಲಿಯೂ ಇದೇ ಸುಮಾರಿನ ಕಥೆ. ಯುದ್ಧಕಾಲದಲ್ಲಿ ವಿಮಾನಪಡೆಯ ಅಂಕಿಸಂಖ್ಯೆಗಳನ್ನು ನೋಡಿಕೊಳ್ಳುತ್ತಿದ್ದ 10 ಮಂದಿ ಅಧಿಕಾರಿಗಳು 1946ರಲ್ಲಿ ಒಟ್ಟಾಗಿ ಅಲ್ಲಿ ಕೆಲಸಕ್ಕೆ ಸೇರಿದರು. ಅವರಲ್ಲೊಬ್ಬನಾದ ರಾಬರ್ಟ್ ಮ್ಯಾಕ್‌ನಮಾರನು 1960ರ ನವೆಂಬರಿನಲ್ಲಿ ಕಂಪೆನಿಯ ಪ್ರೆಸಿಡೆಂಟನಾಗಿ, ಕೆಲವೇ ವಾರಗಳಲ್ಲಿ ದೇಶದ ರಕ್ಷಣಾಮಂತ್ರಿಯ ಸ್ಥಾನಕ್ಕೆ ಕರೆಯಲ್ಪಟ್ಟನು. ಅಂಕಿಗಳಿಂದ ಗಾಡಿಯನ್ನು ನಡೆಸಿದಂತೆಯೇ ಯುದ್ಧವನ್ನೂ ನಡೆಸಬಹುದೆಂದು ನಂಬಿದವನ ಕಥೆಯು ವಿಯೆಟ್ನಾಮಿನಲ್ಲಿ ಏನಾಯಿತೆಂಬುದು ಬೇರೆ ಪ್ರಕರಣ.

ಈಗ ಮೇರಿ ಬ್ಯಾರಾ ಎಂಬಾಕೆಯ ವಿಷಯಕ್ಕೆ ಬರೋಣ. ಈಕೆಯ ತಂದೆಯು ಜನರಲ್ ಮೋಟಾರ್ಸಿನ ಪಾಂಟಿಯಾಕ್ ಕಾರಖಾನೆಯಲ್ಲಿ 39 ವರ್ಷ ಅಚ್ಚುಗಳನ್ನು ಮಾಡುವ ಕೆಲಸದಲ್ಲಿದ್ದವನು. ಮಗಳು 1980ರಲ್ಲಿ, ತನ್ನ 18ನೆಯ ವಯಸ್ಸಿನಲ್ಲಿ, ಅದೇ ಕಂಪೆನಿಯಲ್ಲಿ ಮಡ್‌ಗಾರ್ಡು ಬಾನೆಟ್ಟುಗಳನ್ನು ಪರೀಕ್ಷಿಸುವ ಕೆಲಸಕ್ಕೆ ಸೇರಿದಳು. ಆ ಸಂಬಳದಿಂದ ಓದಿನ ಖರ್ಚನ್ನು ತೂಗಿಸಿದಳು. 2014ರ ಜನವರಿಯಲ್ಲಿ ಕಂಪೆನಿಯ ಮುಖ್ಯಾಧಿಕಾರಿಣಿಯಾದಳು. ದೊಡ್ಡ ಮೋಟಾರು ಕಂಪೆನಿಯೊಂದರ ಆ ಸ್ಥಾನವನ್ನು ಏರಿದ ಹೆಂಗಸರಲ್ಲಿ ಈಕೆಯೇ ಮೊದಲನೆಯವಳು. ಆಳಾಗಿ ದುಡಿ, ಅರಸಾಗಿ ಉಣ್ಣು, ಎಂಬ ನಮ್ಮ ಗಾದೆಯು ಅಮೇರಿಕಾದಲ್ಲಿ ಫಲಿಸಿತೆಂದು ಪತ್ರಿಕೆಗಳು ಆಗ ಬಹಳವಾಗಿ ಹೊಗಳಿದವು. ಹೊಗಳಿಕೆಯು ಯೋಗ್ಯವಾದುದೇ. ಆದರೆ ಆಕೆಯು ಏರಿದ ನಿಚ್ಚಣಿಗೆಯನ್ನು ಯಾರು ಮಾಡಿಟ್ಟಿದ್ದರು ಎಂಬುದನ್ನು ಹೊಗಳುವವರು ಸಾಮಾನ್ಯವಾಗಿ ಹೇಳಲಿಲ್ಲ.

ಮಿಷಿಗನ್ ಸಂಸ್ಥಾನದ ಫ್ಲಿಂಟ್ ನಗರದಲ್ಲಿ 1919ರಲ್ಲಿ ಮೋಟಾರು ಕಸುಬುಗಳನ್ನು ಕಲಿಸುವ ಒಂದು ಶಾಲೆಯು ಹುಟ್ಟಿತು. 1926ರಲ್ಲಿ ಜನರಲ್ ಮೋಟಾರ್ಸು ಅದನ್ನು ತನ್ನ ವಶಕ್ಕೆ ತೆಗೆದುಕೊಂಡು ತನ್ನ ಹೆಸರನ್ನೇ ಅದಕ್ಕಿಟ್ಟಿತು. ಅಲ್ಲಿನ ಕ್ರಮವೇನೆಂದರೆ, ಕೆಲವು ವಾರ ಪಾಠ, ಕೆಲವು ವಾರ ಕಾರಖಾನೆಯಲ್ಲಿ ಸಂಬಳದ ಕೆಲಸ. ಹೀಗೆ ಹಲವು ವರ್ಷ ನಡೆದ ಮೇಲೆ ಇಂಜಿನಿಯರಿನ ಪದವಿ. ಬಡಿಗನ ಮಗ, ಅಚ್ಚುಗಾರನ ಮಗಳು, ಯಾರಾದರೂ ಬುದ್ಧಿಯಿದ್ದರೆ ಕಾರಖಾನೆಯ ನೆಲದಿಂದ ನಕ್ಷೆಯ ಮೇಜಿಗೂ, ಅಲ್ಲಿಂದ ಮುಂದಕ್ಕೂ ಹೋಗಬಹುದಾಗಿತ್ತು. 1967ರಿಂದ 1974ರವರೆಗೆ ಕಂಪೆನಿಯ ಪ್ರೆಸಿಡೆಂಟನಾಗಿದ್ದ ಎಡ್ವರ್ಡ್ ಕೋಲ್ ಎಂಬಾತನು ಈ ಶಾಲೆಯಲ್ಲಿಯೇ ಓದಿದವನು. 1955ರ ಷೆವರ್ಲೆ ಗಾಡಿಯ ಪ್ರಸಿದ್ಧವಾದ ಎಂಟು ಸಿಲಿಂಡರಿನ ಇಂಜಿನು ಅವನ ಮೇಲ್ವಿಚಾರಣೆಯಲ್ಲಿ ಹುಟ್ಟಿದ್ದು. ಬ್ಯಾರಾ ಕೂಡ ಇದೇ ಶಾಲೆಯಿಂದ 1985ರಲ್ಲಿ ಪದವಿಯನ್ನು ಪಡೆದಳು. ಈಗ ವಿಚಿತ್ರವನ್ನು ಕೇಳಿರಿ. ಆಕೆ ಇನ್ನೂ ವಿದ್ಯಾರ್ಥಿನಿಯಾಗಿರುವಾಗಲೇ, 1982ರಲ್ಲಿ, ಕಂಪೆನಿಯು ಆ ಶಾಲೆಯ ಕೈಬಿಟ್ಟಿತು. ಲೆಕ್ಕದ ಕಚೇರಿಯಿಂದ ಬಂದ ರೋಜರ್ ಸ್ಮಿತ್ ಅಧ್ಯಕ್ಷನಾಗಿದ್ದ ಕಾಲವದು. ಶಾಲೆಯೇನೋ ಸ್ವತಂತ್ರವಾಗಿ ಬದುಕಿಕೊಂಡು ಈಗ ಬೇರೆ ಹೆಸರಿನ ವಿಶ್ವವಿದ್ಯಾನಿಲಯವಾಗಿದೆ. ಆದರೆ ಯಾವ ನಿಚ್ಚಣಿಗೆಯಿಂದ ಏರಿದವಳು 32 ವರ್ಷಗಳ ಮೇಲೆ ಬಂದು ಕಂಪೆನಿಯ ಭಾರವನ್ನು ಹೊತ್ತಳೋ, ಆ ನಿಚ್ಚಣಿಗೆಯನ್ನು ಕಂಪೆನಿಯು ತಾನೇ ಬೇರೆಯವರ ಅಂಗಳಕ್ಕೆ ಸಾಗಿಸಿತ್ತು.

ಆಕೆ ಪೀಠವನ್ನೇರಿದ ಕೆಲವೇ ವಾರಗಳೊಳಗೆ ಇನ್ನೊಂದು ಸಂಗತಿ ನಡೆಯಿತು. ಅದರಿಂದ ನಾವು ಕಲಿಯಬೇಕಾದುದು ಮೇಲಿನ ಕಥೆಗಿಂತಲೂ ಹೆಚ್ಚು. ಕಂಪೆನಿಯ ಕೆಲವು ಸಣ್ಣ ಗಾಡಿಗಳಲ್ಲಿ ಕೀಲಿ ತಿರುಗಿಸುವ ಸ್ವಿಚ್ಚು ಸಡಿಲವಾಗಿದ್ದು, ಗಾಡಿಯು ಓಡುತ್ತಿರುವಾಗಲೇ ಇಂಜಿನು ನಿಂತುಹೋಗುವುದು, ಅಪಘಾತವಾದಾಗ ಪ್ರಾಣವನ್ನುಳಿಸಬೇಕಾದ ಗಾಳಿಚೀಲವು ಬಿಚ್ಚಿಕೊಳ್ಳದಿರುವುದು, ಇಂಥ ದೋಷವು 10 ವರ್ಷಕ್ಕೂ ಹಿಂದಿನಿಂದ ಕೆಲವು ಇಂಜಿನಿಯರುಗಳಿಗೆ ತಿಳಿದಿತ್ತು. ಸ್ವಿಚ್ಚನ್ನು ಸದ್ದಿಲ್ಲದೆ ಬದಲಾಯಿಸಿದ್ದೂ ಆಗಿತ್ತು. ಆದರೆ ಬಿಡಿಭಾಗದ ಸಂಖ್ಯೆಯನ್ನು ಬದಲಾಯಿಸಿರಲಿಲ್ಲ. 2014ರಲ್ಲಿ ಸುಮಾರು 26 ಲಕ್ಷ ಗಾಡಿಗಳನ್ನು ಹಿಂದಕ್ಕೆ ಕರೆಯಿಸಬೇಕಾಯಿತು. ಪರಿಹಾರದ ನಿಧಿಯವರು ಒಪ್ಪಿಕೊಂಡ ಸಾವುಗಳೇ 124. ಮುಖ್ಯಾಧಿಕಾರಿಣಿಯು ಅಮೇರಿಕಾದ ಶಾಸನಸಭೆಯ ಮುಂದೆ ಬಂದು ಕ್ಷಮೆಯನ್ನು ಕೇಳಿದಳು. 15 ಮಂದಿಯನ್ನು ಕೆಲಸದಿಂದ ತೆಗೆದಳು. ಕೆಳಗಿನ ಮೇಜಿನವನಿಗೆ ತಿಳಿದ ಸತ್ಯವು ಮೇಲಿನ ಮೇಜಿಗೆ ಏರಲಾರದೆ ನಡುದಾರಿಯಲ್ಲಿ ಕುಳಿತುಬಿಟ್ಟಿತ್ತು. 33 ವರ್ಷ ಅಲ್ಲಿಯೇ ದುಡಿದವಳ ಕಿವಿಗೂ ಅದು ಬಿದ್ದಿರಲಿಲ್ಲ. ಒಬ್ಬಳು ಏರಿಬಂದ ಮಾತ್ರಕ್ಕೆ ದಾರಿಯು ತೆರೆದಂತಾಗಲಿಲ್ಲ. ಮನುಷ್ಯರು ಮೇಲೆ ಬರುವ ದಾರಿಯೂ ಸುದ್ದಿಯು ಮೇಲೆ ಬರುವ ದಾರಿಯೂ ಒಂದೇ ಎಂಬುದು ನಮ್ಮ ಅಭಿಪ್ರಾಯ; ಒಂದು ಮುಚ್ಚಿದರೆ ಇನ್ನೊಂದೂ ಮುಚ್ಚುತ್ತದೆ.

ಹಾಗಾದರೆ ಯಂತ್ರವನ್ನು ಬಲ್ಲವನನ್ನು ಕೂರಿಸಿಬಿಟ್ಟರೆ ಸಾಕೋ ಎಂದರೆ, ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪೆನಿಯು ಅದಕ್ಕೆ ಉತ್ತರವನ್ನು ಕೊಟ್ಟಿದೆ. 1993ರಿಂದ 2002ರವರೆಗೆ ಅದನ್ನು ಆಳಿದ ಫರ್ಡಿನಾಂಡ್ ಪೀಖನು ಹುಟ್ಟು ಇಂಜಿನಿಯರು. 2007ರಲ್ಲಿ ಬಂದ ಮಾರ್ಟಿನ್ ವಿಂಟರ್‌ಕಾರ್ನನು ಲೋಹಶಾಸ್ತ್ರದಲ್ಲಿ ಪಂಡಿತ. ಗಾಡಿಯ ತಿರುಪುಮೊಳೆಯವರೆಗೆ ಎಲ್ಲವನ್ನೂ ತಾನೇ ಪರೀಕ್ಷಿಸುವನೆಂದು ಹೆಸರಾದವನು. ಆದರೂ ಹೊಗೆಯ ಪರೀಕ್ಷೆಯಲ್ಲಿ ಮೋಸಮಾಡುವ ಯುಕ್ತಿಯನ್ನು ಸುಮಾರು 1 ಕೋಟಿ 10 ಲಕ್ಷ ಗಾಡಿಗಳಲ್ಲಿ ಅಡಗಿಸಿಟ್ಟದ್ದು 2015ರ ಸೆಪ್ಟೆಂಬರಿನಲ್ಲಿ ಬಯಲಾಯಿತು. ತನಗೇನೂ ತಿಳಿಯದೆಂದು ಹೇಳಿ ಅವನು ಪದವಿಯನ್ನು ಬಿಟ್ಟನು. ತಿರುಪುಮೊಳೆಯನ್ನು ನೋಡುವ ಕಣ್ಣಿಗೆ ಇಷ್ಟು ದೊಡ್ಡದು ಹೇಗೆ ಕಾಣಲಿಲ್ಲವೆಂದು ಲೋಕವು ಕೇಳಿತು. ಕಣ್ಣು ಚುರುಕಾಗಿದ್ದಲ್ಲಿ ಭಯವೂ ಅಷ್ಟೇ ಇದ್ದರೆ, ಕೆಳಗಿನವನು ಇಲ್ಲವೆನ್ನುವ ಮಾತನ್ನು ಬಾಯಲ್ಲಿಯೇ ನುಂಗುತ್ತಾನೆ. ಯಜಮಾನನ ವಿದ್ಯೆಯೊಂದೇ ಇದಕ್ಕೆ ಔಷಧವಲ್ಲ.

ಜಪಾನಿನ ಟೊಯೋಟಾ ಕಂಪೆನಿಯವರು ಇದನ್ನು ಬೇರೆ ರೀತಿಯಲ್ಲಿ ಬಿಡಿಸಿದರು. ತೈಈಚಿ ಓನೋ ಎಂಬ ಕಾರಖಾನೆಯ ಮೇಲಧಿಕಾರಿಯು ತಂದ ಕ್ರಮದಲ್ಲಿ, ದೋಷವನ್ನು ಕಂಡ ಸಾಮಾನ್ಯ ಕೆಲಸಗಾರನು ತಲೆಯ ಮೇಲಿನ ಹಗ್ಗವನ್ನು ಎಳೆದು ಇಡೀ ಸಾಲನ್ನೇ ನಿಲ್ಲಿಸಬಹುದು. ಇದು ಎಲ್ಲರೂ ಬಲ್ಲ ಸಂಗತಿ. ಅಷ್ಟಾಗಿ ತಿಳಿಯದ ಸಂಗತಿಯೆಂದರೆ ಫುಜಿಯೋ ಚೋ ಎಂಬವರದು. ಇವರು ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ನ್ಯಾಯಶಾಸ್ತ್ರವನ್ನು ಓದಿ 1960ರಲ್ಲಿ ಕಂಪೆನಿಗೆ ಸೇರಿದವರು. ನಮ್ಮಲ್ಲಾಗಿದ್ದರೆ ಕರಾರುಪತ್ರಗಳ ಕಟ್ಟಿನೊಡನೆ ಒಂದು ಕೋಣೆಯಲ್ಲಿ ಕುಳಿತು ನಿವೃತ್ತರಾಗುತ್ತಿದ್ದರೇನೋ. ಅವರನ್ನು ಓನೋ ಅವರ ಕೈಕೆಳಗೆ ಉತ್ಪಾದನೆಯ ಕೆಲಸಕ್ಕೆ ಹಾಕಿದರು. ಅಲ್ಲಿ ಪಳಗಿದ ಈ ವಕೀಲಿ ವಿದ್ಯೆಯವರು 1988ರಲ್ಲಿ ಅಮೇರಿಕಾದ ಕೆಂಟಕಿಯ ಹೊಸ ಕಾರಖಾನೆಗೆ ಮುಖ್ಯಸ್ಥರಾಗಿ, 1999ರಲ್ಲಿ ಕಂಪೆನಿಗೇ ಪ್ರೆಸಿಡೆಂಟರಾದರು. ಪದವಿಯ ಕಾಗದವು ಯಾವುದಾದರೇನು. ಕಾರಖಾನೆಯ ನೆಲದ ಮೇಲೆ ಎಷ್ಟು ವರ್ಷ ನಿಂತನು ಎಂಬುದನ್ನು ಅವರು ಎಣಿಸಿದರು. ಟೊಯೋಡಾ ಮನೆತನದವರಿಗೆ ಅಲ್ಲಿ ಬೇರೆಯೇ ಒಂದು ಬಾಗಿಲುಂಟೆಂಬುದನ್ನು ನಾವು ಮರೆತಿಲ್ಲ.

ನಮ್ಮ ದೇಶದಲ್ಲಿ ಈ ಪೀಠದ ಕಥೆಯು ಬೇರೆ ರೀತಿಯಲ್ಲಿ ಆರಂಭವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯೂರೋಪು ಅಮೇರಿಕಾಗಳನ್ನು ಸುತ್ತಿ ಮೋಟಾರು ಕಾರಖಾನೆಯ ಯೋಜನೆಯನ್ನು ಸಿದ್ಧಪಡಿಸಿದರು. ಆಗಿನ ಭಾರತ ಸರ್ಕಾರದಿಂದ ಅದಕ್ಕೆ ದೊರೆತದ್ದು ಉಪೇಕ್ಷೆ. ವಾಲಚಂದ ಹೀರಾಚಂದರು ಅದರ ಬೆನ್ನುಹತ್ತಿದವರು. ಬೆಂಗಳೂರಿಗೆ 1940ರಲ್ಲಿ ಅವರಿಂದ ದೊರೆತದ್ದು ವಿಮಾನದ ಕಾರಖಾನೆ; ಮೋಟಾರಿನದು 1944ರಲ್ಲಿ ಮುಂಬಯಿಗೆ ಹೋಯಿತು. ಪರರಾಜ್ಯದ ಕಾಲದಲ್ಲಿ ಪ್ರಶ್ನೆಯು ಯಜಮಾನನು ಯಾರೆಂಬುದಾಗಿರಲಿಲ್ಲ. ಕಾರಖಾನೆಯೇ ಬೇಕೆ ಎಂಬುದಾಗಿತ್ತು.

ಸ್ವರಾಜ್ಯದಲ್ಲಿ ಸರ್ಕಾರವು 1981ರಲ್ಲಿ ಮಾರುತಿ ಕಂಪೆನಿಯನ್ನು ಸ್ಥಾಪಿಸಿದಾಗ, ಭಾರತ್ ಹೆವಿ ಎಲೆಕ್ಟ್ರಿಕಲ್ಸನ್ನು ನಡೆಸಿ ಹೆಸರಾಗಿದ್ದ ವಿ. ಕೃಷ್ಣಮೂರ್ತಿಗಳನ್ನು ಅದಕ್ಕೆ ಕರೆತಂದಿತು. ಅವರೊಡನೆ ಬಂದ ಆರ್.ಸಿ. ಭಾರ್ಗವರು 1956ನೆಯ ವರ್ಷದ ಐ.ಎ.ಎಸ್. ಅಧಿಕಾರಿಗಳು. 1985ರಲ್ಲಿ ಅವರು ಮೇನೇಜಿಂಗ್ ಡೈರೆಕ್ಟರರಾದರು. ಅವರ ನಂತರ ಆ ಪೀಠಕ್ಕೆ ಬಂದವರಲ್ಲಿ ಜಗದೀಶ ಖಟ್ಟರರೂ ಐ.ಎ.ಎಸ್. ಸೇವೆಯವರೇ. ನಮ್ಮ ವಾಚಕರಲ್ಲಿ ಅಧಿಕಾರಿಗಳು ಅನೇಕರಿದ್ದಾರೆ. ಕಡತವನ್ನು ಬಿಟ್ಟು ಕಾರಖಾನೆಗೆ ಇಳಿದ ಈ ಇಬ್ಬರ ವೃತ್ತಿಯು ಅವರಿಗೆ ಮನನಯೋಗ್ಯವಾದುದು. ಜಿಲ್ಲಾಧಿಕಾರಿಯ ಗತ್ತನ್ನು ಅಲ್ಲಿಗೆ ಒಯ್ದಿದ್ದರೆ ಮಾರುತಿಯು ಇನ್ನೊಂದು ಇಲಾಖೆಯಾಗುತ್ತಿತ್ತು. ಅಲ್ಲಿ ಮೇನೇಜಿಂಗ್ ಡೈರೆಕ್ಟರರಿಗೂ ಕೂಲಿಯಾಳಿಗೂ ಒಂದೇ ಸಮವಸ್ತ್ರ, ಒಂದೇ ಊಟದ ಮನೆ. ಕ್ರಮವು ಜಪಾನಿನ ಸುಜುಕಿಯವರದು. ಅದನ್ನು ಮೈಗೂಡಿಸಿಕೊಂಡದ್ದು ನಮ್ಮವರ ಹೆಚ್ಚುಗಾರಿಕೆ.

ಮುಂದಿನದು ಅಷ್ಟು ಹಿತಕರವಾದುದಲ್ಲ. 1997ರ ಆಗಸ್ಟಿನಲ್ಲಿ ಭಾರತ ಸರ್ಕಾರವು ಭಾಸ್ಕರುಡು ಎಂಬವರನ್ನು ಮೇನೇಜಿಂಗ್ ಡೈರೆಕ್ಟರರನ್ನಾಗಿ ನಿಯಮಿಸಿತು. ಸುಜುಕಿಯವರು ಇವರು ಅಸಮರ್ಥರೆಂದು ಆಕ್ಷೇಪಿಸಿ ಅಂತರರಾಷ್ಟ್ರೀಯ ಪಂಚಾಯಿತಿಯವರೆಗೆ ಹೋದರು. ಆಗ ಇಬ್ಬರ ಪಾಲೂ ಹೆಚ್ಚುಕಡಿಮೆ ಸಮಸಮವಾಗಿತ್ತು. 1998ರಲ್ಲಿ ರಾಜಿಯಾಯಿತು, ಭಾಸ್ಕರುಡು ಅವರು ಅವಧಿಗೆ ಮುಂಚೆಯೇ 1999ರಲ್ಲಿ ಇಳಿಯುವುದೆಂದೂ ಅವರ ಸ್ಥಾನಕ್ಕೆ ಖಟ್ಟರರು ಬರುವುದೆಂದೂ ನಿಶ್ಚಯವಾಯಿತು. ಆ ವ್ಯಾಜ್ಯದಲ್ಲಿ ನ್ಯಾಯವು ಯಾರ ಕಡೆಗಿತ್ತೆಂಬುದನ್ನು ಇಲ್ಲಿ ವಿಚಾರಿಸುವುದಿಲ್ಲ. ಪರಿಣಾಮವನ್ನು ಮಾತ್ರ ನೋಡೋಣ. 2002ರಲ್ಲಿ ಆಡಳಿತದ ಹಿಡಿತವು ಸುಜುಕಿಯವರಿಗೆ ಹೋಯಿತು. 2007ರಲ್ಲಿ ಸರ್ಕಾರವು ತನ್ನ ಕೊನೆಯ ಷೇರನ್ನೂ ಮಾರಿತು. ಅದೇ ವರ್ಷ ಖಟ್ಟರರು ನಿವೃತ್ತರಾದರು. ತರುವಾಯ ಆ ಪೀಠಕ್ಕೆ ಬಂದವರು ನಕಾನಿಶಿ, 2013ರಲ್ಲಿ ಆಯುಕಾವಾ, 2022ರಲ್ಲಿ ತಾಕೇವುಚಿ. ಎಲ್ಲರೂ ಸುಜುಕಿಯವರು ಕಳುಹಿಸಿದ ಜಪಾನೀಯರು. ಭಾರ್ಗವರು ಅಧ್ಯಕ್ಷರಾಗಿ 2007ರಲ್ಲಿ ಮರಳಿ ಬಂದರೆಂಬುದು ನಿಜ. ಆದರೆ ದಿನದಿನದ ಆಜ್ಞೆಯು ಹೊರಡುವ ಕುರ್ಚಿಯು ಬೇರೆ, ಸಭೆಯ ಮುಂಭಾಗದ ಕುರ್ಚಿಯು ಬೇರೆ. ದೇಶದಲ್ಲಿ ಎಲ್ಲರಿಗಿಂತ ಹೆಚ್ಚು ಕಾರುಗಳನ್ನು ತಯಾರಿಸುವ ಕಂಪೆನಿಯಲ್ಲಿ, ಅಲ್ಲಿಯೇ ದುಡಿದು ಬೆಳೆದ ಭಾರತೀಯ ಇಂಜಿನಿಯರನಿಗೆ ಆ ಮೊದಲನೆಯ ಕುರ್ಚಿಯು ಎಟುಕದೆ ಹೋಯಿತು.

ಎಟುಕಲಾರದಷ್ಟು ನಮ್ಮವರು ಗಿಡ್ಡರೆ? ಪವನ್ ಗೋಯೆಂಕಾ ಅವರ ವೃತ್ತಿಯು ಹಾಗೆ ಹೇಳಗೊಡುವುದಿಲ್ಲ. ಕಾನ್ಪುರದ ಐ.ಐ.ಟಿ.ಯಲ್ಲಿಯೂ ಅಮೇರಿಕಾದ ಕಾರ್ನೆಲ್ಲಿನಲ್ಲಿಯೂ ಓದಿ, ಜನರಲ್ ಮೋಟಾರ್ಸಿನ ಸಂಶೋಧನಾಲಯದಲ್ಲಿ 14 ವರ್ಷ ಇದ್ದು, 1993ರಲ್ಲಿ ಅವರು ಮಹೀಂದ್ರಾ ಕಂಪೆನಿಯ ನಾಸಿಕದ ಕಾರಖಾನೆಗೆ ಬಂದರು. 2002ರಲ್ಲಿ ಹೊರಬಂದ ಸ್ಕಾರ್ಪಿಯೋ ಗಾಡಿಯನ್ನು ರೂಪಿಸಿದ ತಂಡಕ್ಕೆ ನಾಯಕರಾಗಿದ್ದರು. 2016ರಲ್ಲಿ ಇಡೀ ಕಂಪೆನಿಗೆ ಮೇನೇಜಿಂಗ್ ಡೈರೆಕ್ಟರರಾಗಿ 2021ರಲ್ಲಿ ನಿವೃತ್ತರಾದರು. ಯಜಮಾನಿಕೆಯು ನಮ್ಮವರ ಕೈಯಲ್ಲಿದ್ದ ಕಡೆ, ಗಾಡಿಯನ್ನು ಮಾಡಿದವನು ಗಾಡಿಯ ಕಂಪೆನಿಯನ್ನು ಆಳಿದನು. ಇಲ್ಲದ ಕಡೆ ಮಾರಾಟದವನಿಗೂ 30 ವರ್ಷ ಕಾಯಬೇಕಾಯಿತು.

ಇಷ್ಟು ದೇಶಗಳನ್ನು ಸುತ್ತಿದ ನಾವು ಈಗ ನಮ್ಮ ಮನೆಯ ಬಾಗಿಲಿಗೇ ಬರುತ್ತೇವೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರಖಾನೆಯು 1999ರ ಕೊನೆಯಿಂದ ಗಾಡಿಗಳನ್ನು ತಯಾರಿಸುತ್ತಿದೆ. ಅದರಲ್ಲಿ ಜಪಾನೀಯರ ಪಾಲು 100ಕ್ಕೆ 89, ಕಿರ್ಲೋಸ್ಕರ್ ಮನೆತನದವರದು 11. ಮೇನೇಜಿಂಗ್ ಡೈರೆಕ್ಟರರು ಜಪಾನಿನಿಂದ ಬರುವುದು ಅಲ್ಲಿನ ಪದ್ಧತಿ. 2007ರಲ್ಲಿ ಆ ಕಂಪೆನಿಯು ಕಾರಖಾನೆಯ ಆವರಣದಲ್ಲಿಯೇ ಒಂದು ತಾಂತ್ರಿಕ ತರಬೇತಿ ಸಂಸ್ಥೆಯನ್ನು ತೆರೆಯಿತು. ಹತ್ತನೆಯ ತರಗತಿಯನ್ನು ಮುಗಿಸಿದ ಬಡ ಹಳ್ಳಿಯ ಮಕ್ಕಳನ್ನು ನಮ್ಮ ನಾಡಿನ ನಾನಾ ಜಿಲ್ಲೆಗಳಿಂದ ಆರಿಸಿ, ಊಟವಸತಿಗಳನ್ನು ಕೊಟ್ಟು, 3 ವರ್ಷ ಕಲಿಸುತ್ತಾರೆ. ಇದು ಸ್ತುತ್ಯವಾದ ಕಾರ್ಯ. ಸರ್ಕಾರದ ಎಷ್ಟೋ ಸಂಸ್ಥೆಗಳಿಗೆ ಮಾದರಿಯಾಗಬಲ್ಲುದು. ಫ್ಲಿಂಟ್ ನಗರದ ಶಾಲೆಯ ಕಥೆಯನ್ನು ಓದುತ್ತಿದ್ದಾಗ ನಮಗೆ ನೆನಪಾದದ್ದು ಇದೇ.

ಆದರೆ ಫ್ಲಿಂಟಿನ ಶಾಲೆಯು ಕೊಡುತ್ತಿದ್ದುದು ಇಂಜಿನಿಯರಿನ ಪದವಿ. ಬಿಡದಿಯ ಶಾಲೆಯು ಒಳ್ಳೆಯ ಕುಶಲ ಕೆಲಸಗಾರನನ್ನು ಮಾಡಿ ಅವನ ಕೈಗೆ ಸಲಕರಣೆಯನ್ನು ಕೊಟ್ಟು ನಿಲ್ಲಿಸುತ್ತದೆ. ಅಲ್ಲಿಂದ ಮುಂದೆ ಮೆಟ್ಟಿಲುಗಳಿವೆಯೆ? ಇದ್ದರೆ ಎಷ್ಟನೆಯ ಮೆಟ್ಟಿಲಿಗೆ ಗೋಡೆಯು ಅಡ್ಡ ಬರುತ್ತದೆ? 2020ರ ನವೆಂಬರಿನಲ್ಲಿ ಅದೇ ಕಾರಖಾನೆಯಲ್ಲಿ ಕೆಲಸಗಾರರ ಮುಷ್ಕರವೂ ಯಜಮಾನರ ಬೀಗಮುದ್ರೆಯೂ ನಡೆದುವು. ತಪ್ಪೊಪ್ಪುಗಳ ನಿರ್ಣಯವು ನಮ್ಮ ಕೆಲಸವಲ್ಲ. ಆದರೆ ಸಾಲಿನಲ್ಲಿ ನಿಂತು ದುಡಿದು ಮೇಲೆ ಹೋದ ಕನ್ನಡದವನೊಬ್ಬನು ಆಡಳಿತದ ಮೇಜಿನ ಆ ಕಡೆಯಲ್ಲಿ ಕುಳಿತಿದ್ದಿದ್ದರೆ, ಮಾತು ಬೀಗದ ತನಕ ಹೋಗುತ್ತಿತ್ತೆ ಎಂಬ ಪ್ರಶ್ನೆಯನ್ನು ಎರಡು ಪಕ್ಷದವರೂ ತಮ್ಮಲ್ಲಿ ಕೇಳಿಕೊಳ್ಳಬಹುದಾಗಿದೆ.

ಭೂಮಿಯನ್ನೂ ನೀರನ್ನೂ ತೆರಿಗೆಯ ರಿಯಾಯಿತಿಯನ್ನೂ ಕೈಗಾರಿಕೆಗಳಿಗೆ ಕೊಡುವಾಗ ಕರ್ನಾಟಕದ ಸರ್ಕಾರವು, ಎಷ್ಟು ಮಂದಿಗೆ ಕೆಲಸ ಕೊಡುವಿರಿ, ಎಂದು ಕೇಳುವುದು ರೂಢಿಯಾಗಿದೆ. ಆ ಸಂಖ್ಯೆಯ ಕೆಳಗೆ ಇನ್ನೊಂದು ಅಂಕಣವನ್ನು ಎಳೆಯುವುದು ಕಷ್ಟವಲ್ಲ. ಹತ್ತು ವರ್ಷದ ಹಿಂದೆ ಕೆಲಸಗಾರರಾಗಿ ಸೇರಿದವರಲ್ಲಿ ಎಷ್ಟು ಮಂದಿ ಈಗ ಮೇಲ್ವಿಚಾರಕರು, ಎಷ್ಟು ಮಂದಿಯನ್ನು ಕಂಪೆನಿಯ ಖರ್ಚಿನಲ್ಲಿ ಇಂಜಿನಿಯರಿನ ಪದವಿಗೆ ಓದಿಸಲಾಯಿತು, ಎಷ್ಟು ಮಂದಿ ನಕ್ಷೆಯ ಕೋಣೆಗೂ ಆಡಳಿತದ ಕೋಣೆಗೂ ಹೋದರು, ಎಂಬ ಲೆಕ್ಕವನ್ನು ಪ್ರತಿ ವರ್ಷವೂ ಬರೆಯಿಸಿಕೊಂಡು ಶಾಸನಸಭೆಯ ಮುಂದಿಡಲಿ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಒಂದು ಕಾಲೇಜು, ಕಾರಖಾನೆಯ ಪಾಳಿಗೆ ಹೊಂದುವಂತೆ ಪಾಠದ ವಾರಗಳನ್ನು ಏರ್ಪಡಿಸಿದರೆ ಫ್ಲಿಂಟಿನಲ್ಲಿ ನಡೆದುದು ಇಲ್ಲಿ ನಡೆಯಲಾರದೆಂಬುದಕ್ಕೆ ಕಾರಣವೇ ಕಾಣುವುದಿಲ್ಲ. 2007ರಲ್ಲಿ ಬಿಡದಿಯ ಶಾಲೆಗೆ ಸೇರಿದ ಹುಡುಗರು ಈಗ 30ನ್ನು ದಾಟಿದ್ದಾರೆ. ಮೊದಲನೆಯ ವರ್ಷದ ಲೆಕ್ಕವನ್ನು ಅವರಿಂದಲೇ ಆರಂಭಿಸಬಹುದು.